ಅಪ್ಪನ ಚಾರ್ಟಿನಲ್ಲಿ ದಿನಾ 130/80

ಪ್ರಶ್ನೆ

ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಶಿಕ್ಷಕಿ. ಅಪ್ಪನಿಗೆ 81 ವರ್ಷ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಅಮ್ಮ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು. ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ ನಂತರ ಅವರನ್ನು ಎತ್ತಿ ಕೂರಿಸುವುದು, ಬಾತ್‌ರೂಮಿಗೆ ಕರೆದೊಯ್ಯುವುದು ನಮ್ಮಿಂದ ಆಗಲಿಲ್ಲ. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲಿಗೆಂದು ಇಟ್ಟುಕೊಂಡವರು ಒಬ್ಬರ ಹಿಂದೆ ಒಬ್ಬರು ಬಿಟ್ಟುಹೋದರು. ಕಳೆದ ವರ್ಷ ಬೆಂಗಳೂರಿನಲ್ಲಿ ತಮ್ಮನ ಮನೆಗೆ ಹತ್ತಿರದ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ನರ್ಸ್ ಇದ್ದಾರೆ, ಹದಿನೈದು ದಿನಕ್ಕೊಮ್ಮೆ ಡಾಕ್ಟರ್ ಬರುತ್ತಾರೆ, ಜಾಗ ಚೊಕ್ಕಟವಾಗಿದೆ. ಊಟ ಮಾಡಿಸುವ ಆಯಾ ಒಬ್ಬರನ್ನು ಕಂಡರೆ ಅಪ್ಪನಿಗೆ ತುಂಬ ಅಕ್ಕರೆ.

ಅವರಿಗೆ ಹೃದಯದ ಬಡಿತ ಏರುಪೇರಾಗುವ ತೊಂದರೆ ಇದೆ, ಏಟ್ರಿಯಲ್ ಫಿಬ್ರಿಲೇಷನ್ ಅನ್ನುತ್ತಾರೆ. ಜೊತೆಗೆ ಸಕ್ಕರೆ ಕಾಯಿಲೆ, ಕಾಲು ಊತ. ಅಸಿಟ್ರಾಮ್, ಲ್ಯಾನಾಕ್ಸಿನ್, ಲ್ಯಾಸಿಕ್ಸ್, ಬಿಪಿ ಮಾತ್ರೆ ನಡೆಯುತ್ತಿವೆ. ಬೆಳಿಗ್ಗೆ, ರಾತ್ರಿ ಇನ್ಸುಲಿನ್.

ಹೋದ ತಿಂಗಳು ಒಂದು ಬೆಳಿಗ್ಗೆ ಅವರು ಬೆವತು, ಮಾತು ತೊದಲಿ, ಕುರ್ಚಿಯಲ್ಲೇ ಜೋತುಬಿದ್ದರಂತೆ. ಮತ್ತೆ ಸ್ಟ್ರೋಕ್ ಆಯಿತೆಂದು ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ನೋಡಿದರೆ ಸಕ್ಕರೆ 44. ಇನ್ಸುಲಿನ್ ಕೊಟ್ಟದ್ದು ಏಳೂವರೆಗೆ, ತಿಂಡಿ ಬರುವುದು ಒಂಬತ್ತಕ್ಕೆ ಎಂದು ಅಪ್ಪನೇ ಆಮೇಲೆ ಹೇಳಿದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ವಾಪಸು ಬಂದರು. ನಾನು ಹೋದಾಗ ಚಾರ್ಟ್ ಕೇಳಿ ನೋಡಿದೆ. ತಿಂಗಳಿಡೀ ಬಿಪಿ 130/80, ಎರಡೂ ಹೊತ್ತು. ಅಪ್ಪ ಆಸ್ಪತ್ರೆಯಲ್ಲಿದ್ದ ದಿನಗಳಲ್ಲೂ 130/80! ಆ ದಿನಗಳಲ್ಲಿ ಮಾತ್ರೆ ಕೊಟ್ಟದ್ದಕ್ಕೂ ಸಹಿ ಇದೆ. ಫೋಟೋ ತೆಗೆದುಕೊಂಡಿದ್ದೇನೆ, ತಮ್ಮನಿಗೆ ಬಿಟ್ಟು ಯಾರಿಗೂ ತೋರಿಸಿಲ್ಲ.

"ಸುಮ್ಮನಿರಕ್ಕ, ಎಲ್ಲಾ ಕಡೆನೂ ಹೀಗೇ. ಗಲಾಟೆ ಮಾಡಿದ್ರೆ ಕರ್ಕೊಂಡು ಹೋಗಿ ಅಂತಾರೆ, ಇಲ್ಲಾ ಅಪ್ಪನ ಮೇಲೆ ಸಿಟ್ಟು ತೀರಿಸ್ಕೋತಾರೆ" ಎನ್ನುತ್ತಾನೆ ಅವನು. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳಲಾಗದ ಮಗಳಿಗೆ, ನೋಡಿಕೊಳ್ಳುತ್ತಿರುವವರನ್ನು ಹೀಗೇಕೆ ಎಂದು ಕೇಳುವ ಮುಖ ಎಲ್ಲಿದೆ? ಅಪ್ಪನಿಗೆ ಇದನ್ನೆಲ್ಲ ಹೇಳಬೇಕೋ ಬೇಡವೋ, ಅದೂ ತಿಳಿಯುತ್ತಿಲ್ಲ.

– ಒಬ್ಬ ಮಗಳು, ಶಿವಮೊಗ್ಗ

ಉತ್ತರ

ನಿಮ್ಮನ್ನು ಕೊರೆಯುತ್ತಿರುವ ಪ್ರಶ್ನೆಗಳಿಗೆ ಬರುವ ಮೊದಲು, ಇದನ್ನು ಓದಿದ ದಿನವೇ ಆಗಬೇಕಾದ ಕೆಲಸವೊಂದಿದೆ. ಆಸ್ಪತ್ರೆಯವರು ಕೊಟ್ಟ ಡಿಸ್ಚಾರ್ಜ್ ಸಮ್ಮರಿ ನಿಮ್ಮ ಕೈಯಲ್ಲಿರಲಿ. ಕೇಂದ್ರದಲ್ಲಿ ಈಗ ನೋಡಿಕೊಂಡು ಮಾತ್ರೆ ಕೊಡುತ್ತಿರುವ ಹಾಳೆಯ ಫೋಟೋ ಕಳಿಸಲು ತಮ್ಮನಿಗೆ ಹೇಳಿ. ಎರಡನ್ನೂ ಸಾಲು ಸಾಲಾಗಿ ತಾಳೆ ನೋಡಿ. ಸಕ್ಕರೆ 44ಕ್ಕೆ ಇಳಿದಿದ್ದವರನ್ನು ಮನೆಗೆ ಕಳಿಸುವಾಗ ಇನ್ಸುಲಿನ್ ಪ್ರಮಾಣವನ್ನು ಸಾಮಾನ್ಯವಾಗಿ ಕಡಿಮೆ ಮಾಡಿರುತ್ತಾರೆ. ಆ ಬದಲಾವಣೆ ಫೈಲಿನಲ್ಲೇ ಉಳಿದು, ಕೇಂದ್ರದ ಹಾಳೆಯಲ್ಲಿ ಹಳೆಯ ಯೂನಿಟ್ಟೇ ಮುಂದುವರಿದಿದ್ದರೆ ಅದೇ ಬೆಳಿಗ್ಗೆ ಮತ್ತೊಮ್ಮೆ ಬರುತ್ತದೆ. ಮಾತ್ರೆಗಳ ಡಬ್ಬಿಯನ್ನೂ ತೆಗೆಸಿ ನೋಡಿ. ಆಸ್ಪತ್ರೆಯಲ್ಲಿ ಬರೆದುಕೊಟ್ಟ ಬ್ರ್ಯಾಂಡ್ ಬೇರೆಯಾಗಿದ್ದು, ಹಳೆಯ ಸ್ಟ್ರಿಪ್ಪೂ ಡಬ್ಬಿಯಲ್ಲೇ ಉಳಿದಿದ್ದರೆ ಒಂದೇ ಔಷಧಿ ಎರಡು ಹೆಸರಿನಲ್ಲಿ ಎರಡು ಪಟ್ಟು ಹೊಟ್ಟೆಗೆ ಹೋಗುತ್ತದೆ. ಬ್ರ್ಯಾಂಡಿನ ದಪ್ಪ ಅಕ್ಷರ ಬಿಟ್ಟು, ಸ್ಟ್ರಿಪ್ಪಿನ ಮೇಲೆ ಸಣ್ಣದಾಗಿ ಅಚ್ಚಾಗಿರುವ ಮೂಲ ಔಷಧಿಯ ಹೆಸರನ್ನು ಓದಬೇಕು. ನಿಲ್ಲಿಸಿದ ಮಾತ್ರೆ ಡಬ್ಬಿಯಲ್ಲಿ ಒಂದೂ ಇರಬಾರದು.

ಈಗ, ಕೇಳುವ ಮುಖ ಎಲ್ಲಿದೆ ಎಂಬ ಮಾತಿಗೆ ಬರೋಣ. ಒಂದು ಕಡೆಯ ಅಂಗ ಸ್ವಾಧೀನವಿಲ್ಲದ, ದಿನಕ್ಕೆರಡು ಸಲ ಇನ್ಸುಲಿನ್ ಬೇಕಾದ, ರಕ್ತ ತೆಳುವಾಗಿಸುವ ಮಾತ್ರೆ ಮೇಲಿರುವ ಒಬ್ಬ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳಲು ಮೂರು ಪಾಳಿಯ ಜನ ಬೇಕು. ಅದು ನಿಮ್ಮ ಮನೆಯಲ್ಲಿ ಇರಲಿಲ್ಲ. ಇರುವ ಕಡೆಗೆ ಕರೆದೊಯ್ದಿರಿ, ಅಷ್ಟೆ. ನಿಮ್ಮ ತಂದೆಯನ್ನು ಅವರಿಗೆ ಒಪ್ಪಿಸಿದ್ದೀರಿ, ಬಿಟ್ಟುಕೊಟ್ಟಿಲ್ಲ. ವಾರ್ಡುಗಳಲ್ಲಿ ಬಹಳ ಕಾಲ ಕೆಲಸ ಮಾಡಿದವಳಾಗಿ ಹೇಳುತ್ತೇನೆ: ಮನೆಯವರು ಬಂದು ಚಾರ್ಟ್ ಓದುತ್ತಾರೆ ಎಂದು ಗೊತ್ತಿರುವ ರೋಗಿಯ ಚಾರ್ಟನ್ನು ಎಲ್ಲರೂ ಸ್ವಲ್ಪ ಹೆಚ್ಚು ಎಚ್ಚರದಿಂದಲೇ ಬರೆಯುತ್ತಾರೆ. ಕೇಳುವುದು ಆರೈಕೆಯ ಒಂದು ಪಾಲು. ಶಿವಮೊಗ್ಗದಲ್ಲಿದ್ದುಕೊಂಡೂ ಮಾಡಬಹುದಾದ ಪಾಲು ಅದು.

ಆ ಎರಡು ದಿನಗಳ 130/80 ಬಗ್ಗೆ ನಾನು ಮೆತ್ತಗೆ ಮಾತಾಡಲಾರೆ. ಮಂಚದಲ್ಲಿ ಇಲ್ಲದ ಮನುಷ್ಯನ ಬಿಪಿಯನ್ನು ಯಾರೋ ನೋಡಿದಂತೆ ಬರೆದಿದ್ದಾರೆ, ನುಂಗದ ಮಾತ್ರೆಗೆ ಸಹಿ ಹಾಕಿದ್ದಾರೆ. ಹಾಗಾದರೆ ಅವರು ಮಂಚದಲ್ಲಿದ್ದ ದಿನಗಳ ಅಂಕಿಗಳನ್ನೂ ನಂಬುವಂತಿಲ್ಲ. ಇನ್ನೊಂದು ವಿಷಯ ಗಮನಿಸಿ. ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲಿ ಒಂದು ಬಡಿತಕ್ಕೂ ಮುಂದಿನದಕ್ಕೂ ಅಂತರ ಬೇರೆ ಬೇರೆ. ಕೂತಲ್ಲೇ ಮೂರು ಸಲ ಬಿಪಿ ನೋಡಿದರೆ ಮೂರು ಥರ ಬರುತ್ತದೆ. ಡಿಜಿಟಲ್ ಮೆಷಿನ್ 127/74 ಎನ್ನುತ್ತದೆ, ಇನ್ನೊಂದು ಸಲ 138/83 ಎನ್ನುತ್ತದೆ. ತಿಂಗಳಿಡೀ ಸೊನ್ನೆಯಲ್ಲಿ ಮುಗಿಯುವ ಒಂದೇ ಅಂಕಿ ಬರುವುದು ಸಾಧ್ಯವೇ ಇಲ್ಲ.

ಇದರಿಂದ ಆಗುವ ಹಾನಿ ಏನೆಂದರೆ, ಹದಿನೈದು ದಿನಕ್ಕೊಮ್ಮೆ ಬರುವ ಡಾಕ್ಟರ್ ಆ ಹಾಳೆಯನ್ನೇ ನಂಬಿ ಔಷಧಿ ನಿರ್ಧರಿಸುತ್ತಾರೆ. ನಿಜವಾದ ಬಿಪಿ ಕೆಲವು ದಿನ 100ಕ್ಕೆ ಇಳಿಯುತ್ತಿರಬಹುದು. ಲ್ಯಾಸಿಕ್ಸ್ ಮತ್ತು ಬಿಪಿ ಮಾತ್ರೆ ಎರಡೂ ಇರುವವರು ಮಂಚದಿಂದ ಎದ್ದು ನಿಂತಾಗ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಕುಸಿದು, ಕಣ್ಣು ಕತ್ತಲೆ ಬಂದು ಬೀಳುವುದುಂಟು. ಅಸಿಟ್ರಾಮ್ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ ಒಳಗೆ ರಕ್ತಸ್ರಾವವಾಗುವ ಭಯ. 130/80 ಎಂದು ಬರೆದ ಹಾಳೆ ಈ ಎಲ್ಲವನ್ನೂ ಡಾಕ್ಟರ ಕಣ್ಣಿನಿಂದ ಮುಚ್ಚಿಡುತ್ತದೆ. ಏನೂ ಬರೆಯದ ಹಾಳೆಯಾಗಿದ್ದರೆ ಅವರು ಕನಿಷ್ಠಪಕ್ಷ ತಾವೇ ಪಟ್ಟಿ ಕಟ್ಟಿ ನೋಡುತ್ತಿದ್ದರು.

ಹೀಗೆ ಬರೆದವರು ಕೆಟ್ಟವರು ಎಂದು ನಾನು ಭಾವಿಸುವುದಿಲ್ಲ. ಊಹಿಸಿ ನೋಡಿ: ರಾತ್ರಿ ಪಾಳಿಯಲ್ಲಿ ಒಬ್ಬಳೇ ಸಿಸ್ಟರ್, ಮೂರು ರೂಮಿನಿಂದ ಬೆಲ್, ಬಿಪಿ ಮೆಷಿನ್ನಿನ ಬ್ಯಾಟರಿ ಹೋಗಿ ವಾರವಾಗಿದೆ, ಬೆಳಿಗ್ಗೆ ಎಂಟಕ್ಕೆ ಚಾರ್ಟ್ ತುಂಬಿರಬೇಕು. ಆಕೆ ಬರೆದ ಅಂಕಿಯ ಬಗ್ಗೆ ಅಲ್ಲಿಯತನಕ ಯಾರೂ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಖಾಲಿ ಬಿಟ್ಟರೆ ಬೈಗುಳ, ತುಂಬಿದರೆ ಸುಮ್ಮನೆ. ಇಂಥ ಕಡೆ ಸುಳ್ಳು ಅಂಕಿ ತಾನಾಗಿ ಹುಟ್ಟುತ್ತದೆ. ಹೊಣೆ ಆ ಹುಡುಗಿಯದೂ ಹೌದು, ಅದಕ್ಕಿಂತ ದೊಡ್ಡ ಪಾಲು ಕೇಂದ್ರ ನಡೆಸುವವರದು.

ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದು. ಡಾಕ್ಟರ ಚೀಟಿಯಲ್ಲಿ 1-0-1 ಎಂದು ಬರೆದಿದ್ದರೆ ಅದು ಆದೇಶದ ಅರ್ಧ ಮಾತ್ರ. ಕೊಡುವ ಮುಂಚೆ ಏನು ನೋಡಬೇಕು, ಯಾವ ಅಂಕಿ ಬಂದರೆ ಕೊಡಬಾರದು, ಆಗ ಯಾರಿಗೆ ಫೋನ್ ಮಾಡಬೇಕು ಎಂಬುದು ಉಳಿದರ್ಧ. ನಮ್ಮ ಚೀಟಿಗಳಲ್ಲಿ ಈ ಉಳಿದರ್ಧ ಬರೆದಿರುವುದೇ ಅಪರೂಪ. ಡಾಕ್ಟರ ತಲೆಯಲ್ಲಿರುತ್ತದೆ, ಅನುಭವಿ ನರ್ಸಿನ ಕೈಯಲ್ಲಿರುತ್ತದೆ. ಆರೈಕೆ ಕೇಂದ್ರದಲ್ಲಿ ಹೊಸದಾಗಿ ಸೇರಿದ ಹುಡುಗಿಗೆ ಅದು ಎಲ್ಲಿಂದ ಬರಬೇಕು? ಆಕೆಗೆ ಬಿಪಿ ನೋಡು ಎಂದಿದ್ದಾರೆ, ಬಿಪಿ ಎಷ್ಟಿದ್ದರೆ ಏನು ಮಾಡಬೇಕೆಂದು ಹೇಳಿಲ್ಲ. ಏನೂ ಮಾಡಬೇಕಿಲ್ಲದ ಅಂಕಿಯನ್ನು ದಿನಾ ನಿಜವಾಗಿ ನೋಡುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ. ಆದ್ದರಿಂದ ನೀವು ಡಾಕ್ಟರಿಂದ ಈ ಉಳಿದರ್ಧವನ್ನು ಬರೆಸಿಕೊಳ್ಳಬೇಕು, ಒಂದೊಂದು ಔಷಧಿಗೂ.

ನಿಮ್ಮ ತಂದೆಯ ಪಟ್ಟಿಯನ್ನೇ ತೆಗೆದುಕೊಳ್ಳೋಣ.

ಮೊದಲು ಇನ್ಸುಲಿನ್. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ 30/70 ಮಿಶ್ರಣದ ಹ್ಯೂಮನ್ ಇನ್ಸುಲಿನ್ ಆಗಿದ್ದರೆ ಊಟ ತಿಂಡಿಗೆ ಸುಮಾರು ಅರ್ಧ ಗಂಟೆ ಮೊದಲು ಕೊಡಬೇಕು. ಹೊಸ ಬಗೆಯ ಅನಲಾಗ್ ಮಿಶ್ರಣವಾದರೆ ತಟ್ಟೆ ಮುಂದೆ ಬಂದಾಗಲೇ. ಏಳೂವರೆಗೆ ಚುಚ್ಚಿ ಒಂಬತ್ತಕ್ಕೆ ತಿಂಡಿ ಕೊಡುವುದು ಎರಡರಲ್ಲಿ ಯಾವುದಕ್ಕೂ ಒಪ್ಪುವುದಿಲ್ಲ. ಇಲ್ಲಿ ತಪ್ಪಿರುವುದು ಅಡುಗೆಮನೆಯ ಹೊತ್ತಿಗೂ ನರ್ಸಿನ ಹೊತ್ತಿಗೂ ಇರಬೇಕಾದ ಹೊಂದಾಣಿಕೆ. ಪಾಳಿ ಮುಗಿಯುವ ಮೊದಲು ರಾತ್ರಿಯ ಸಿಸ್ಟರ್ ಎಲ್ಲರಿಗೂ ಇನ್ಸುಲಿನ್ ಮುಗಿಸಿಬಿಡುವ ರೂಢಿ ಹಲವು ಕಡೆ ಇದೆ. ಅಲ್ಲಿ ಇನ್ಸುಲಿನ್ ಹಗಲಿನ ಪಾಳಿಗೆ ಹೋಗಬೇಕು, ಇಲ್ಲವೇ ಇನ್ಸುಲಿನ್ ಇರುವವರಿಗೆ ತಿಂಡಿ ಮೊದಲು ಬರಬೇಕು. ಇದನ್ನು ನೀವು ನೇರವಾಗಿ ಕೇಳಿ.

ಬರೆಸಿಕೊಳ್ಳಬೇಕಾದ ಆದೇಶ ಹೀಗಿರಲಿ: ಪ್ರತಿ ಸಲ ಕೊಡುವ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡುವುದು. 70ಕ್ಕಿಂತ ಕಡಿಮೆ ಇದ್ದರೆ ಇನ್ಸುಲಿನ್ ಕೊಡದೆ, ಎಚ್ಚರವಾಗಿದ್ದು ನುಂಗಬಲ್ಲವರಾದರೆ ಮೂರು ಟೀ ಚಮಚ ಸಕ್ಕರೆ ಕರಗಿಸಿದ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಡಾಕ್ಟರಿಗೆ ಫೋನ್ ಮಾಡುವುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸುವುದು. ತಿಂಡಿ ಒಲ್ಲೆ ಎಂದರೆ ಇನ್ಸುಲಿನ್ ಕೊಡುವ ಮೊದಲೇ ಡಾಕ್ಟರನ್ನು ಕೇಳುವುದು. 70ಕ್ಕಿಂತ ಮೇಲಿದ್ದರೂ ಯಾವ ಅಂಕಿಯಿಂದ ಪ್ರಮಾಣ ಇಳಿಸಬೇಕು ಎಂಬುದನ್ನು ಅವರ ಡಾಕ್ಟರೇ ಹೇಳಬೇಕು. ಮತ್ತೆ ಸ್ಟ್ರೋಕ್ ಎಂದುಕೊಂಡರಲ್ಲ, ಅದಕ್ಕಾಗಿ ಕೇಂದ್ರದವರನ್ನು ದೂರಬೇಡಿ. ವಯಸ್ಸಾದವರಲ್ಲಿ ಸಕ್ಕರೆ ಇಳಿದಾಗ ನೋಡುವವರಿಗೆ ಅದು ಸ್ಟ್ರೋಕಿನಂತೆಯೇ ಕಾಣುತ್ತದೆ, ಆಸ್ಪತ್ರೆಗೆ ಒಯ್ದದ್ದು ಸರಿ. ಆದರೆ ಹೊರಡುವ ಮುನ್ನ ಬೆರಳು ಚುಚ್ಚಿ ನೋಡಲು ಅರ್ಧ ನಿಮಿಷ ಸಾಕಿತ್ತು. ಇಷ್ಟು ವಯಸ್ಸಿನ, ಇಷ್ಟು ಕಾಯಿಲೆಗಳಿರುವವರ ಸಕ್ಕರೆಯನ್ನು ತೀರಾ ಬಿಗಿಯಾಗಿ ಹಿಡಿಯುವ ಹಟ ಬೇಡವೆಂಬುದೇ ಈಗಿನ ವೈದ್ಯಕೀಯ ಅಭಿಪ್ರಾಯ. ಸ್ವಲ್ಪ ಮೇಲಿದ್ದರೆ ಪರವಾಗಿಲ್ಲ, ಇಳಿಯಬಾರದು. ಅವರಿಗೆ ಎಷ್ಟರ ಆಸುಪಾಸು ಇರಬೇಕೆಂದು ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ.

ಇನ್ಸುಲಿನ್ ವಿಷಯದಲ್ಲಿ ಇನ್ನೊಂದನ್ನು ನೀವೇ ಕಣ್ಣಾರೆ ನೋಡಬೇಕು, ಸಿರಿಂಜು. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಕಾರ್ಟ್ರಿಜ್ ಮತ್ತು ಕೆಲವು ಸೀಸೆಗಳು 100 ಯೂನಿಟ್‌ನವು, ಅದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆತನಕ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಕೊಟ್ಟವರು ಚಾರ್ಟಿನಲ್ಲಿ ಪ್ರಾಮಾಣಿಕವಾಗಿಯೇ 10 ಎಂದು ಬರೆಯುತ್ತಾರೆ. ನಿಮ್ಮ ತಂದೆಗೆ ಹೀಗೇ ಆಯಿತೆಂದು ನಾನು ಹೇಳುತ್ತಿಲ್ಲ. ಪೆನ್ ಕೆಟ್ಟಾಗ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವುದು ನಡೆಯುತ್ತದೆ, ಅದಕ್ಕೇ ಕೇಳಿ ಖಚಿತಪಡಿಸಿಕೊಳ್ಳಿ.

ಲ್ಯಾನಾಕ್ಸಿನ್ ಅಂದರೆ ಡಿಗಾಕ್ಸಿನ್. ಪ್ರಯೋಜನಕ್ಕೂ ವಿಷವಾಗುವುದಕ್ಕೂ ನಡುವೆ ಅಂತರ ತೀರಾ ಕಡಿಮೆ ಇರುವ ಔಷಧಿ ಇದು. ನಮ್ಮಲ್ಲಿ ಬಹಳ ಡಾಕ್ಟರುಗಳು ಇದನ್ನು ವಾರದಲ್ಲಿ ಐದು ದಿನ ಕೊಟ್ಟು ಎರಡು ದಿನ ಬಿಡಲು ಬರೆಯುತ್ತಾರೆ. ನಿಮ್ಮವರ ಚೀಟಿಯಲ್ಲಿ 5/7 ಎಂದಿದೆಯೇ ನೋಡಿ. ಚಾರ್ಟಿನ ಅಚ್ಚು ಹಾಳೆಯಲ್ಲಿ ವಾರಕ್ಕೆ ಏಳು ಮನೆ, ಏಳಕ್ಕೂ ಸಹಿ ಬಿದ್ದಿದ್ದರೆ ಒಂದೋ ಬರಹ ಸುಳ್ಳು, ಇಲ್ಲವೇ ಮಾತ್ರೆ ಹೆಚ್ಚಾಗಿದೆ. ಬಿಡುವ ದಿನಗಳ ಮನೆಗೆ ಮೊದಲೇ ಅಡ್ಡಗೆರೆ ಎಳೆಸಿಬಿಡಿ. ಕೊಡುವ ಮುನ್ನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಸ್ಟೆತಸ್ಕೋಪ್ ಇಟ್ಟು ಎದೆಯ ಬಡಿತ ಎಣಿಸಿದರೆ ಇನ್ನೂ ಒಳ್ಳೆಯದು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ತಾಳ ತಪ್ಪಿದ ಹೃದಯಕ್ಕೆ ಆಗಿಬರುವುದಿಲ್ಲ. ಸಾಮಾನ್ಯವಾಗಿ 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಡೆದು ಡಾಕ್ಟರನ್ನು ಕೇಳುತ್ತಾರೆ. ಊಟ ಸೇರದಿರುವುದು, ವಾಕರಿಕೆ, ಮಂಕು, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುವುದು ಈ ಔಷಧಿ ಮೈಯಲ್ಲಿ ಹೆಚ್ಚಾದುದರ ಸೂಚನೆ. ವಯಸ್ಸಾಯಿತು, ಅದಕ್ಕೇ ಊಟ ಬೇಡ ಅನ್ನುತ್ತಾರೆ ಎಂದು ತಳ್ಳಿಹಾಕಬಾರದು. ಲ್ಯಾಸಿಕ್ಸ್ ಮೈಯ ಪೊಟ್ಯಾಸಿಯಂ ಇಳಿಸುತ್ತದೆ, ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್ ವಿಷ ಏರುತ್ತದೆ, ಕಿಡ್ನಿ ಸೋತರೆ ಇನ್ನಷ್ಟು. ಅದಕ್ಕೇ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಎಂಬುದೂ ಬರಹದಲ್ಲಿರಲಿ. ಲ್ಯಾಸಿಕ್ಸಿಗೆ ತೂಕವೇ ಕಾವಲು: ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಮೈಯಲ್ಲಿ ನೀರು ನಿಂತಿದೆ ಎಂದರ್ಥ, ಫೋನ್ ಮಾಡಬೇಕು.

ಅಸಿಟ್ರಾಮ್ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ, ಮತ್ತೊಂದು ಸ್ಟ್ರೋಕ್ ಆಗದಿರಲೆಂದು. ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಪಿಟಿ-ಐಎನ್‌ಆರ್ ಪರೀಕ್ಷೆ ಇಲ್ಲದೆ ಇದನ್ನು ಕೊಡುತ್ತಾ ಹೋಗುವಂತಿಲ್ಲ. ಹೃದಯದ ಈ ತೊಂದರೆಗೆ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಕೊನೆಯ ಪರೀಕ್ಷೆಯ ದಿನ, ಬಂದ ಅಂಕಿ, ಆಗ ಬದಲಿಸಿದ ಪ್ರಮಾಣ, ಮುಂದಿನ ಪರೀಕ್ಷೆಯ ದಿನ ಈ ನಾಲ್ಕೂ ಒಂದೇ ಹಾಳೆಯಲ್ಲಿರಲಿ. ಒಂದು ದಿನ ಒಂದು ಮಾತ್ರೆ, ಮರುದಿನ ಒಂದೂವರೆ ಎಂದು ಬರೆದಿದ್ದರೆ ಕ್ಯಾಲೆಂಡರಿನ ಪ್ರತಿ ದಿನದ ಮೇಲೂ ಆ ದಿನದ ಪ್ರಮಾಣ ಬರೆಸಿ. ಪಾಳಿ ಬದಲಾದಾಗ ನಿನ್ನೆ ಎಷ್ಟು ಕೊಟ್ಟರು ಎಂಬುದು ಯಾರ ನೆನಪಿಗೂ ಬಿಟ್ಟ ವಿಷಯವಾಗಬಾರದು. ಎಲ್ಲಕ್ಕಿಂತ ಅಪಾಯ ಹೊಸ ಔಷಧಿ ಸೇರಿದಾಗ. ಭೇದಿಗೆಂದು ಮೆಟ್ರೊನಿಡಜೋಲ್, ಮೂತ್ರದ ಸೋಂಕಿಗೆಂದು ಕೋಟ್ರೈಮಾಕ್ಸಜೋಲ್, ಫಂಗಸ್ಸಿಗೆಂದು ಫ್ಲುಕೊನಜೋಲ್ ಬಂದರೆ ಕೆಲವೇ ದಿನದಲ್ಲಿ ಐಎನ್‌ಆರ್ ಮೇಲೇರುತ್ತದೆ. ಮಂಡಿನೋವಿಗೆ ಯಾರೋ ಕೊಟ್ಟ ಒಂದು ಕಾಂಬಿಫ್ಲಾಮ್ ಕೂಡ ಹೊಟ್ಟೆಯಲ್ಲಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಹಾಳೆಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿ: ಅಸಿಟ್ರಾಮ್ ಇದೆ, ಯಾವ ಹೊಸ ಮಾತ್ರೆಗೂ ಮುನ್ನ ಡಾಕ್ಟರನ್ನು ಕೇಳಬೇಕು. ಕಪ್ಪು ಮಲ, ಮೂತ್ರದಲ್ಲಿ ಕೆಂಪು, ಒಸಡಿನಲ್ಲಿ ರಕ್ತ, ಕಾರಣವಿಲ್ಲದ ನೀಲಿ ಕಲೆ ಕಂಡ ದಿನವೇ ತಿಳಿಸಬೇಕು. ಇದನ್ನು ಮೊದಲು ಕಾಣುವುದು ಮೈ ಒರೆಸುವ, ಬಟ್ಟೆ ಬದಲಿಸುವ ಆಯಾ. ನಿಮ್ಮ ತಂದೆಗೆ ಅಕ್ಕರೆಯ ಆ ಹೆಂಗಸಿಗೆ ಇದನ್ನು ಕೂತು ವಿವರಿಸಿ ಹೇಳಿ.

ತಮ್ಮನ ಮಾತಿಗೆ ಬರುತ್ತೇನೆ. ಎಲ್ಲ ಕಡೆಯೂ ಹೀಗೇ ಎನ್ನುವುದರಲ್ಲಿ ಒಂದಿಷ್ಟು ನಿಜವಿದೆ. ಇಂಗ್ಲೆಂಡಿನ 55 ಆರೈಕೆ ಕೇಂದ್ರಗಳಲ್ಲಿ 256 ಹಿರಿಯರ ಔಷಧಿಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 178 ಮಂದಿಯ ವಿಷಯದಲ್ಲಿ ಒಂದಾದರೂ ತಪ್ಪು ಸಿಕ್ಕಿತು, ಅಂದರೆ ಹತ್ತರಲ್ಲಿ ಏಳು ಜನ. ಬರೆಯುವಲ್ಲಿ, ಕೊಡುವಲ್ಲಿ ಮಾತ್ರವಲ್ಲ, ಮಾಡಬೇಕಾದ ರಕ್ತಪರೀಕ್ಷೆ ಮಾಡದೆ ಬಿಟ್ಟದ್ದನ್ನೂ ಅವರು ತಪ್ಪೆಂದೇ ಎಣಿಸಿದರು. ಅಮೆರಿಕದಲ್ಲಿ ಕೇಂದ್ರ ಸರಕಾರದ ನಿಯಮದಂತೆ ನರ್ಸಿಂಗ್ ಹೋಮಿನ ಔಷಧಿ ತಪ್ಪುಗಳು ನೂರಕ್ಕೆ 5ನ್ನು ಮುಟ್ಟಬಾರದು, ಅಪಾಯದ ತಪ್ಪು ಒಂದೂ ಆಗಬಾರದು. ತಿಂಗಳಿಗೊಮ್ಮೆಯಾದರೂ ಫಾರ್ಮಾಸಿಸ್ಟ್ ಪ್ರತಿಯೊಬ್ಬರ ಪಟ್ಟಿಯನ್ನು ಓದಲೇಬೇಕು. ಎಲ್ಲ ಕಡೆ ತಪ್ಪಾಗುತ್ತದೆ ಎಂದೇ ಅಲ್ಲಿ ಎಣಿಸತೊಡಗಿದರು. ಹೀಗೆ ಬೇರೊಬ್ಬರು ಕೂತು ಓದುವ ರೂಢಿ ನಮ್ಮ ವೃದ್ಧಾಶ್ರಮಗಳಲ್ಲಿಲ್ಲ. ಅದನ್ನು ಮನೆಯವರೇ ಮಾಡಬೇಕಾಗಿದೆ. ತಿಂಗಳ ಕೊನೆಯ ಭಾನುವಾರ ಚಾರ್ಟಿನ ಫೋಟೋವನ್ನು ತಮ್ಮ ಕಳಿಸಲಿ, ನೀವು ಓದಿ. ಅವನಿಗೂ ಭಯವಿದೆ, ಅದಕ್ಕೆ ಹಾಗೆನ್ನುತ್ತಾನೆ. ಅವನಿಗೊಂದು ಕೆಲಸ ಕೊಟ್ಟರೆ ಭಯ ಇಳಿಯಬಹುದು.

ಕೇಂದ್ರದವರ ಜೊತೆ ಮಾತಾಡುವಾಗ ಫೋಟೋ ಮುಚ್ಚಿಡಬೇಡಿ. ಆದರೆ ಡ್ಯೂಟಿಯಲ್ಲಿರುವ ಸಿಸ್ಟರ್ ಮುಂದೆ, ನಾಲ್ಕು ಜನರೆದುರು ಅದನ್ನು ಬೀಸಬೇಡಿ. ಮೊದಲೇ ಫೋನ್ ಮಾಡಿ ಮ್ಯಾನೇಜರ್ ಮತ್ತು ಡಾಕ್ಟರ್ ಇಬ್ಬರೂ ಇರುವ ಹೊತ್ತು ಕೇಳಿ, ತಮ್ಮನೂ ಜೊತೆಗಿರಲಿ. ಮಾತು ಹೀಗೆ ಶುರುವಾಗಲಿ: "ಅಪ್ಪ ಆಸ್ಪತ್ರೆಯಲ್ಲಿದ್ದ ದಿನ ಇಲ್ಲಿ ಬಿಪಿ ಬರೆದಿದೆ, ಮಾತ್ರೆಗೆ ಸಹಿ ಇದೆ. ಯಾರನ್ನೋ ಕೆಲಸದಿಂದ ತೆಗೆಸೋಕೆ ನಾನು ಬಂದಿಲ್ಲ. ನಾಳೆಯಿಂದ ಏನು ಬದಲಾಗುತ್ತೆ ಅಂತ ತಿಳ್ಕೊಳ್ಳೋಕೆ ಬಂದಿದ್ದೀನಿ." ಹೊಸ ಹುಡುಗಿ, ತೆಗೆದುಬಿಡುತ್ತೇವೆ ಎಂದರೆ ಒಪ್ಪಬೇಡಿ. ಆಕೆ ಹೋದ ಮೇಲೆ ಬರುವವಳ ಕೈಗೂ ಅದೇ ಕೆಟ್ಟ ಮೆಷಿನ್, ಅದೇ ಹಾಳೆ ಸಿಗುತ್ತದೆ. ರಾತ್ರಿ ಎಷ್ಟು ಜನಕ್ಕೆ ಒಬ್ಬ ನರ್ಸ್, ಇನ್ಸುಲಿನ್ ಯಾರು ಕೊಡುತ್ತಾರೆ, ಅವರು ತರಬೇತಾದ ನರ್ಸೇ ಅಥವಾ ಅಟೆಂಡರೇ, ಬರೆದ ಅಂಕಿಗಳನ್ನು ವಾರಕ್ಕೊಮ್ಮೆ ಯಾರು ಓದುತ್ತಾರೆ, ಡಾಕ್ಟರ್ ಫೋನಿನಲ್ಲೋ ವಾಟ್ಸಾಪಿನಲ್ಲೋ ಬದಲಿಸಿದ ಪ್ರಮಾಣ ಹಾಳೆಗೆ ಯಾವಾಗ ಏರುತ್ತದೆ ಎಂದು ಕೇಳಿ. ನುಂಗುವುದನ್ನು ನೋಡಿದ ಮೇಲೆಯೇ ಸಹಿ ಹಾಕಬೇಕು ಎನ್ನಿ. ಮಾತ್ರೆ ಒಲ್ಲೆ ಎಂದರೆ ಒಲ್ಲೆ ಎಂದರು ಎಂದೇ ಬರೆಯಲಿ, ಬಿಪಿ ನೋಡಲಾಗದಿದ್ದರೆ ಖಾಲಿ ಬಿಡಲಿ. ಖಾಲಿ ಬಿಟ್ಟದ್ದಕ್ಕೆ ನಾನು ಯಾವತ್ತೂ ಜಗಳವಾಡುವುದಿಲ್ಲ ಎಂದು ಸಿಸ್ಟರುಗಳಿಗೂ ನೀವೇ ಹೇಳಿ. ಅವರು ಈ ಮಾತನ್ನು ಕೇಳಿರುವುದು ಅಪರೂಪ, ಇದರಿಂದ ಆಗುವ ಬದಲಾವಣೆ ದೊಡ್ಡದು. ಅದೇ ಸಂಜೆ ಒಪ್ಪಿಕೊಂಡದ್ದನ್ನೆಲ್ಲ ಮ್ಯಾನೇಜರಿಗೆ ಇಮೇಲ್ ಮಾಡಿ, ಆ ಫೋಟೋ ಸಮೇತ.

ಸಿಟ್ಟು ತೀರಿಸಿಕೊಳ್ಳುತ್ತಾರೆ ಎಂಬ ಭಯ ಸುಮ್ಮಸುಮ್ಮನೆ ಬಂದದ್ದಲ್ಲ. ಅಂಥದ್ದು ನಡೆಯುವುದುಂಟು. ಹೀಗಾಗಿ ಮುಂದಿನ ಕೆಲವು ವಾರ ತಮ್ಮ ಬೇರೆ ಬೇರೆ ಹೊತ್ತಿನಲ್ಲಿ ಹೋಗಿಬರಲಿ, ಬೆಳಗಿನ ತಿಂಡಿ ಹೊತ್ತಿಗೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ. ಅಪ್ಪ ಇದ್ದಕ್ಕಿದ್ದಂತೆ ಮಾತು ಕಡಿಮೆ ಮಾಡಿದರೆ, ಯಾರೋ ಒಳಬಂದಾಗ ಮುದುಡಿದರೆ, ಬಟ್ಟೆ ಒದ್ದೆಯಾಗಿಯೇ ಇದ್ದರೆ ಲಘುವಾಗಿ ತೆಗೆದುಕೊಳ್ಳಬೇಡಿ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಹಿರಿಯರ ಮೇಲಿನ ದೌರ್ಜನ್ಯದ ದೂರುಗಳಲ್ಲಿ ಅವರು ನೆರವಾಗುತ್ತಾರೆ. ಸಮಾಧಾನದಿಂದ ಕೇಳಿದ ಪ್ರಶ್ನೆಗೆ ಕೇಂದ್ರದವರಿಂದ ಕರೆದುಕೊಂಡು ಹೋಗಿ ಎಂದೇ ಉತ್ತರ ಬಂದರೆ, ಅಂಥ ಕಡೆ ನಿಮ್ಮ ತಂದೆ ಇರುವುದು ನನಗೂ ಸಮ್ಮತವಲ್ಲ. ಈಗಲೇ ಸದ್ದಿಲ್ಲದೆ ಇನ್ನೊಂದೆರಡು ಜಾಗ ನೋಡಿಟ್ಟುಕೊಳ್ಳಿ. ಅಲ್ಲಿ ತೋಟ, ಟಿವಿ ತೋರಿಸುವ ಮೊದಲು ಹೆಸರು ಮುಚ್ಚಿ ಒಂದು ತಿಂಗಳ ಚಾರ್ಟ್ ತೋರಿಸಿ ಎಂದು ಕೇಳಿ. ಅಲ್ಲೊಂದು ಇಲ್ಲೊಂದು ಖಾಲಿ ಮನೆ, ಬೆಸ ಅಂಕಿ, "ಡಾಕ್ಟರಿಗೆ ತಿಳಿಸಿದೆ" ಎಂಬ ಟಿಪ್ಪಣಿ ಕಂಡರೆ ಆ ಜಾಗವನ್ನು ಇನ್ನಷ್ಟು ವಿಚಾರಿಸಬಹುದು.

ಅಪ್ಪನಿಗೆ ಹೇಳಿ. ಇನ್ಸುಲಿನ್ ಯಾವಾಗ, ತಿಂಡಿ ಯಾವಾಗ ಎಂದು ಗಂಟೆ ಸಮೇತ ನೆನಪಿಟ್ಟು ನಿಮಗೆ ತಿಳಿಸಿದವರು ಅವರೇ. ಅವರ ಮೈಯ ವಿಷಯ ಅವರಿಂದ ಮುಚ್ಚಿಡುವ ಕಾರಣ ನನಗೆ ಕಾಣುತ್ತಿಲ್ಲ. ಯಾರ ಮೇಲೂ ದೂರು ಹೇರದೆ, ನಡೆದದ್ದನ್ನು ಸರಳವಾಗಿ ತಿಳಿಸಿ, ಇಲ್ಲೇ ಇರಲು ಮನಸ್ಸಿದೆಯೇ ಎಂದು ಕೇಳಿ. ಆಯಾಳನ್ನು ಬಿಟ್ಟು ಬರಲಾರೆ ಎಂದರೆ ಅದಕ್ಕೂ ತೂಕವಿದೆ. ಬಲಗೈ ಚೆನ್ನಾಗಿದ್ದರೆ ಒಂದು ಪುಟ್ಟ ಪುಸ್ತಕ, ಪೆನ್ ಕೊಡಿ. ಸಕ್ಕರೆ ಎಷ್ಟೆಂದು ಸಿಸ್ಟರನ್ನು ಕೇಳಿ ತಾವೇ ಬರೆದುಕೊಳ್ಳಲಿ. ಬೆವರು, ನಡುಕ, ಮಂಕು ಶುರುವಾದ ಕೂಡಲೇ ಬೆಲ್ ಒತ್ತಿ "ಶುಗರ್ ನೋಡಿ" ಎನ್ನಲು ಅಭ್ಯಾಸ ಮಾಡಿಸಿ. ಡಾಕ್ಟರನ್ನು ಕೇಳಿಕೊಂಡು ತಲೆದಿಂಬಿನ ಬಳಿ ಸಕ್ಕರೆಯ ಒಂದು ಸಣ್ಣ ಡಬ್ಬಿ ಇಡಿ. ತಿಂಡಿಯ ಹೊತ್ತು ಖಚಿತವಾಗದೆ ಯಾರಾದರೂ ಇನ್ಸುಲಿನ್ ಹಿಡಿದು ಬಂದರೆ, ತಿಂಡಿ ಎಷ್ಟು ಹೊತ್ತಿಗೆ ಬರುತ್ತದಮ್ಮ ಎಂದು ಕೇಳುವ ಹಕ್ಕು ಅವರಿಗಿದೆ ಎಂದೂ ಹೇಳಿ.